ಹೂಂ ಅನ್ನದ ಊರಿನಲ್ಲಿ

ಫಿನ್ಲೆಂಡ್ ಅನ್ನುವ ದೇಶಕ್ಕೆ ಹೋಗಿ ಬಂದೆ. ಚಳಿ ಇತ್ತು. ಜನ ಒಳ್ಳೆಯವರು. ಮಾತು ಕಡಿಮೆ. ಕೇಳಿದವರಿಗೆಲ್ಲ ಇಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ನಮ್ಮೂರು ಹಾಗಲವಾಡಿಯಲ್ಲಿ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರ ಬಾಯಿಗೆ ಹೋಗುವಾಗ ಬೇರೆಯೇ ಆಗುತ್ತದೆ. ನಾನು ಅಲ್ಲಿ ಬಿಳಿ ಹೆಂಗಸಿನ ಜೊತೆ ಬೆತ್ತಲೆ ಕೂತಿದ್ದೆನಂತೆ, ತುಂಬಿದ ಸಭೆಯಲ್ಲಿ ದೊಡ್ಡ ದೊಡ್ಡ ಮೇಷ್ಟ್ರುಗಳನ್ನು ಬೈದೆನಂತೆ, ಮೊಮ್ಮಗಳ ಕೆಲಸ ಕೆಡಿಸಿ ಬಂದೆನಂತೆ. ಮೂರರಲ್ಲಿ ಒಂದು ಸುಳ್ಳು. ಯಾವುದು ಸುಳ್ಳು ಎಂದು ಎಲ್ಲರಿಗೂ ಗೊತ್ತಾಗಲಿ ಅಂತ ಇದನ್ನು ಬರೆದಿದ್ದೇನೆ.

ಬರೆಯುವುದು ಅಂದರೆ, ನಾನು ಫೋನಿನ ಮುಂದೆ ಹೇಳುತ್ತೇನೆ, ಅದು ಅಕ್ಷರ ಮಾಡುತ್ತದೆ, ತಪ್ಪಿದ್ದನ್ನು ಮೊಮ್ಮಗಳು ಚೈತ್ರ ತಿದ್ದುತ್ತಾಳೆ. ಬಸ್ಸಿನ ಬೋರ್ಡು ಓದುವಷ್ಟು, ನನ್ನ ಹೆಸರು ಗೌರಮ್ಮ ಎಂದು ಬರೆಯುವಷ್ಟು ನನಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ.

ಕುಣಿಗಲ್: ಹಿಂದಿನ ಕೋಣೆ

ಚೈತ್ರ ನನ್ನ ಮಗಳ ಮಗಳು. ಮನೆ ತುಮಕೂರಿನಲ್ಲಿ, ಕೆಲಸ ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ. ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಮರ್ಯಾದೆ ಜಾಸ್ತಿ ಎಂದು ನಾನು ತಿಳಿದಿದ್ದೆ. ಅತಿಥಿಯನ್ನು ಯಾವಾಗ ಬೇಕಾದರೂ ಹೋಗಿ ಬಾ ಅನ್ನಬಹುದು ಎಂದು ಆಮೇಲೆ ಗೊತ್ತಾಯಿತು.

ಕಾಲೇಜಿನ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ತುಂಬಿದ್ದ ಒಂದು ಕೋಣೆ ಇತ್ತು. ಅದನ್ನು ಕೇಳಿ ಪಡೆದು, ಗುಡಿಸಿ, ಹಳೆಯ ಕಂಪ್ಯೂಟರುಗಳನ್ನಿಟ್ಟು ಅವಳು ತನ್ನ ಮಕ್ಕಳಿಗೆ ಪಾಠ ಶುರು ಮಾಡಿದಳು. ಮೀಸೆ ಬಂದವರನ್ನೂ ಮಕ್ಕಳು ಎನ್ನುತ್ತಾಳೆ. ಪಾಠ ಅಂದರೆ ಹೀಗೆ: ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಒಂದು ಕತೆಯನ್ನೋ ಕಸುಬಿನ ಮಾತನ್ನೋ ಫೋನಿನಲ್ಲಿ ಹಿಡಿದು ತರಬೇಕು. ಅದಕ್ಕೆ ಚಿತ್ರ ಬರೆಯಬೇಕು, ಸದ್ದು ಕೂಡಿಸಬೇಕು, ಕೈಬಾಯಿ ಆಡಿಸಿ ತೋರಿಸಬೇಕು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸೇರಿಸಿ ಒಂದು ಸಣ್ಣ ಪಿಕ್ಚರ್ ಮಾಡಬೇಕು. ಆಮೇಲೆ ಅದರ ಮೇಲೆ ಪ್ರಶ್ನೆ, ಅದರ ಮೇಲೆ ಮಾರ್ಕ್ಸು. ಅಮೃತೂರಿನಿಂದ ಬರುವ ರೂಪ ಅನ್ನುವ ಹುಡುಗಿ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದು ಬರುತ್ತಿದ್ದವಳು. ಆ ಕೋಣೆಯಲ್ಲಿ ಅವಳನ್ನು ಮಾತು ನಿಲ್ಲಿಸು ಎಂದು ಬೇಡಿಕೊಳ್ಳಬೇಕಂತೆ.

ಪ್ರಿನ್ಸಿಪಾಲರಿಗೆ ಇದು ಹಿಡಿಸಲಿಲ್ಲ. "ಏನಮ್ಮ ಚೈತ್ರ, ಇದು ಕಾಲೇಜೋ ನಾಟಕದ ಕಂಪ್ನಿಯೋ? ಆನ್ಸರ್ ಶೀಟ್ ಬಂಡಲ್ ಇಡಕ್ಕೆ ಜಾಗ ಇಲ್ದೆ ನಾನ್ ಒದ್ದಾಡ್ತಾ ಇದೀನಿ, ನೀನು ಅಜ್ಜಿ ಕತೆ ಕೇಳ್ಕೊಂಡು ಕೂತಿದೀಯ" ಎಂದರಂತೆ. ನಿಜ ಹೇಳಬೇಕೆಂದರೆ ನಾನೂ ಅವರ ಪಕ್ಷವೇ. ಕತೆ ಕೇಳುವುದಕ್ಕೆ ಕಾಲೇಜು ಯಾಕೆ, ಜಗಲಿ ಸಾಲದೇ?

ಅಷ್ಟರಲ್ಲಿ ಫಿನ್ಲೆಂಡಿನ ಒಂದು ಕಾಲೇಜಿನಿಂದ ಕರೆ ಬಂತು. ಇದೇ ರೀತಿ ಪಾಠ ಮಾಡುವವರನ್ನು ಬೇರೆ ಬೇರೆ ದೇಶದಿಂದ ಅವರು ಕರೆಸುತ್ತಾರೆ. ಹಿಡಿಸಿದವರ ಜೊತೆ ಕೂಡಿ ತರಗತಿ ನಡೆಸುವುದಕ್ಕೆ ಸಹಿ ಹಾಕುತ್ತಾರೆ. ಚೈತ್ರ ಕಳಿಸಿದ್ದ ಪಿಕ್ಚರನ್ನು ನೋಡಿ, ಮಾಡಿದವರೊಬ್ಬರು ಕತೆ ಹೇಳಿದವರೊಬ್ಬರು ಬನ್ನಿ ಅಂದಿದ್ದರು. ಪ್ರಿನ್ಸಿಪಾಲರು ಮಾತು ಕೊಟ್ಟರು: "ಸಹಿ ಹಾಕಿಸ್ಕೊಂಡ್ ಬಾ, ರೂಮು ನಿಂದೇ. ಇಲ್ದಿದ್ರೆ ಬಂಡಲ್‌ಗಳು ಒಳಗೆ, ನೀನು ಹೊರಗೆ."

ಕತೆ ಹೇಳಿದವಳು ನಾನು. ಮಕ್ಕಳು ಹಾಗಲವಾಡಿಗೇ ಬಂದು ಜಗಲಿಯ ಮೇಲೆ ಕೂತು ಹಿಡಿದುಕೊಂಡು ಹೋಗಿದ್ದರು. ನಮ್ಮವ್ವ ಹೇಳುತ್ತಿದ್ದ ಕತೆ ಅದು. ಒಬ್ಬ ಸೊಸೆಗೆ ತವರಿನಲ್ಲಿ ಕೆರೆ ಬತ್ತಿದೆ ಎಂದು ಸುದ್ದಿ ಬರುತ್ತದೆ. ಅತ್ತೆ ಒಂದು ಚೆಂಬು ನೀರು ಕೊಡುವವಳಲ್ಲ. ಸೊಸೆ ಅತ್ತೆಮನೆ ಊರಿನ ಕೆರೆಯನ್ನೇ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತವರಿನ ದಾರಿ ಹಿಡಿಯುತ್ತಾಳೆ. ದಾರಿಯುದ್ದಕ್ಕೂ ಗಂಟು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಕಡೆಯೆಲ್ಲ ಒಂದೊಂದು ಕಟ್ಟೆಯಾಗುತ್ತದೆ. ತವರು ಮುಟ್ಟಿದಾಗ ಗಂಟಿನಲ್ಲಿ ಏನು ಉಳಿದಿತ್ತು ಅನ್ನುವುದೇ ಕತೆ.

ನಮ್ಮ ಕಡೆ ಕತೆ ಹೇಳುವವರು ಒಬ್ಬರಿದ್ದರೆ ಹೂಂ ಅನ್ನುವವರು ಒಬ್ಬರು ಇರಲೇಬೇಕು. ಒಂದು ಮಾತಿಗೆ ಒಂದು ಹೂಂ. ಹೂಂ ನಿಂತರೆ ಕೇಳುವವರು ನಿದ್ದೆ ಹೋದರು ಎಂದರ್ಥ. ಹೇಳುವವಳು ಅಲ್ಲಿಗೆ ನಿಲ್ಲಿಸಿ ಕಂಬಳಿ ಎಳೆದುಕೊಳ್ಳುತ್ತಾಳೆ. ಇನ್ನೊಂದು ಕಟ್ಟುಪಾಡೂ ಇದೆ. ಒಮ್ಮೆ ಹೂಂ ಅಂದವರು ಕತೆ ಮುಗಿಯುವ ತನಕ ಎದ್ದು ಹೋಗುವಂತಿಲ್ಲ.

ಆ ಮಕ್ಕಳು ಚೆನ್ನಾಗಿಯೇ ಹೂಂಗುಟ್ಟಿದರು, ರೂಪ ಎಲ್ಲರಿಗಿಂತ ಜೋರಾಗಿ. ಆದರೆ ಪಿಕ್ಚರ್ ಮುಗಿದ ಮೇಲೆ ನನಗೆ ತೋರಿಸಿದಾಗ ನನ್ನ ದನಿಯೊಂದೇ ಇತ್ತು.

"ಇದ್ಯಾರೇ ಇವ್ಳು, ಗ್ವಾಡೆ ಜೊತೆ ಮಾತಾಡ್ತಾವ್ಳೆ?" ಎಂದೆ.

"ನೀನೇ ಕಣಜ್ಜಿ."

"ಹೂಂಗಳೆಲ್ಲ ಎಲ್ಲೋದ್ವು?"

"ಅವೆಲ್ಲ ಅಡ್ಡ ಬರ್ತವೆ ಅಜ್ಜಿ. ಕೇಳೋರಿಗೆ ಕಿರಿಕಿರಿ. ಕಂಪ್ಯೂಟರಲ್ಲಿ ಕ್ಲೀನ್ ಮಾಡ್ದೆ."

ಅಕ್ಕಿಯಲ್ಲಿ ಕಲ್ಲು ಆರಿಸಿ ಎಸೆದ ಹಾಗೆ ಒಂದೂ ಬಿಡದೆ ಎಸೆದಿದ್ದಳು. ಓದಿದವಳು, ಅವಳಿಗೆ ಗೊತ್ತಿರುತ್ತದೆ ಎಂದು ಸುಮ್ಮನಾದೆ.

ವಿಮಾನ ನಿಲ್ದಾಣ: ಕರಡಿಗೆ

ನಾನು ಕೊರಳಲ್ಲಿ ಲಿಂಗ ಕಟ್ಟಿದವಳು. ಅದನ್ನಿಡುವ ಕರಡಿಗೆ ಬೆಳ್ಳಿಯದು. ಬೆಂಗಳೂರಿನಲ್ಲಿ ತಪಾಸಣೆಯ ಬಾಗಿಲು ದಾಟಿದರೆ ಅದು ಕೂಗಿಕೊಂಡಿತು. ಹಿಂದೆ ಬಂದು ಮತ್ತೆ ದಾಟಿದೆ. ಮತ್ತೆ ಕೂಗಿತು.

"ಅದನ್ನ ತೆಗೆದು ಟ್ರೇನಲ್ಲಿ ಇಡಿ ಅಮ್ಮ."

"ತೆಗ್ಯಲ್ಲ. ನಾನ್ ಸತ್ರೂ ತೆಗ್ಯಲ್ಲ ಇದ್ನ."

ಹಿಂದೆ ಸಾಲು ಬೆಳೆಯಿತು. ಚೈತ್ರ ಕೆಂಪಾದಳು. ಕೊನೆಗೆ ಒಬ್ಬಳು ಪೊಲೀಸು ಹುಡುಗಿ ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ತನ್ನ ಕೈ ಸೋಕಿಸದೆ ನನ್ನ ಕೈಯಿಂದಲೇ ಕರಡಿಗೆ ತೆರೆಸಿ ನೋಡಿದಳು. "ನಮ್ದೂ ತುಮಕೂರ್ ಕಡೇನೇ, ಕೋರ ಕಣಜ್ಜಿ. ನಮ್ಮಜ್ಜೀನೂ ಹಿಂಗೇ, ಸ್ಕ್ಯಾನಿಂಗ್ ಮಾಡ್ಸಕ್ಕೆ ಕರ್ಕೊಂಡ್ ಹೋದಾಗ ಡಾಕ್ಟ್ರುಗೇ ಬಯ್ದಿದ್ರು" ಎಂದಳು. "ಒಳ್ಳೇದ್ ಮಾಡಿದ್ರು" ಎಂದೆ.

ವಿಮಾನದ ಬಗ್ಗೆ ಹೇಳುವಂಥದ್ದು ಏನಿಲ್ಲ. ತುಮಕೂರು ಬಸ್ಸಿಗಿಂತ ಕಾಲು ಚಾಚಲು ಜಾಗ ಕಡಿಮೆ. ಇಳಿಯುವ ಹೊತ್ತಿಗೆ ಮಾತ್ರ ಕಿಟಕಿಯಲ್ಲಿ ನೋಡಿ ದಂಗಾದೆ. ಕೆಳಗೆ ನೆಲವೇ ಕಾಣುತ್ತಿಲ್ಲ. ಕೆರೆಯ ಪಕ್ಕ ಕೆರೆ, ಕೆರೆಯ ಹಿಂದೆ ಕೆರೆ, ನಡುನಡುವೆ ಕಪ್ಪಗೆ ಮರ.

"ಚೈತ್ರ, ನೋಡೇ. ಆ ಸೊಸೆ ಸೆರಗು ಹರಿದಿದ್ದು ಇಲ್ಲೇ ಇರ್ಬೇಕು" ಎಂದೆ. ಅವಳು ನಗಲಿಲ್ಲ. ಮಡಿಲಲ್ಲಿ ಕಂಪ್ಯೂಟರ್ ತೆರೆದುಕೊಂಡು ಅದೇ ಪಿಕ್ಚರನ್ನು ಇನ್ನೂ ಒರೆಸುತ್ತಿದ್ದಳು. ಅವಳ ತಲೆಯಲ್ಲಿ ಕೋಣೆಯೊಂದೇ ಇತ್ತು.

ರೈಲು: ಸುಮ್ಮನೆ ಕೂರುವ ಜನ

ಟಾಂಪೆರೆ ಅನ್ನುವ ಊರಿಗೆ ರೈಲಿನಲ್ಲಿ ಹೋದೆವು. ಡಬ್ಬಿಯ ತುಂಬ ಜನ, ಒಬ್ಬರ ಬಾಯಿಂದಲೂ ಒಂದು ಮಾತಿಲ್ಲ. ಯಾರೋ ಸತ್ತಿದ್ದಾರೆ ಅಂದುಕೊಂಡೆ. ಎದುರಿಗೆ ಕೂತಿದ್ದವನನ್ನು "ಯಾವೂರಪ್ಪ ನಿಂದು" ಎಂದು ಕೇಳಿದೆ. ಕನ್ನಡ ಅರ್ಥವಾಗದಿದ್ದರೂ ಕೇಳಿದ್ದು ಅರ್ಥವಾಗುತ್ತದೆ. ಅವನು ಮುಖ ಕೆಂಪು ಮಾಡಿಕೊಂಡು ಕಿಟಕಿ ನೋಡಿದ. ನಮ್ಮ ಗುಬ್ಬಿ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಅವನ ಜಮೀನು, ಹೆಂಡತಿ, ಸಕ್ಕರೆ ಕಾಯಿಲೆ ಎಲ್ಲ ತಿಳಿದುಕೊಂಡು ನಿಂಬೆಹುಳಿ ಪೆಪ್ಪರ್‌ಮಿಂಟು ಕೊಟ್ಟಾಗಿರುತ್ತಿತ್ತು.

ಬಸ್ ಸ್ಟಾಪಿನಲ್ಲೂ ಹಾಗೆಯೇ. ಒಬ್ಬರಿಂದ ಒಬ್ಬರು ಒಂದು ಎತ್ತಿನಗಾಡಿ ಹೋಗುವಷ್ಟು ದೂರ ನಿಲ್ಲುತ್ತಾರೆ. ನಾನು ಒಬ್ಬ ಹೆಂಗಸಿನ ಪಕ್ಕ ಹೋಗಿ ನಿಂತೆ. ಅವಳು ಸರಿದಳು. ನಾನೂ ಸರಿದೆ. ಹೀಗೇ ಸ್ಟಾಪಿನ ಕಂಬ ದಾಟಿಬಿಟ್ಟೆವು. "ಬಾರಜ್ಜಿ ಈ ಕಡೆ, ಅವ್ರನ್ನ ಬಸ್ ತಪ್ಪುಸ್ತೀಯ" ಎಂದು ಚೈತ್ರ ಎಳೆದುಕೊಂಡು ಬಂದಳು.

ಒಂದು ವಿಷಯದಲ್ಲಿ ಮಾತ್ರ ಅವರು ನಮ್ಮವರೇ. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ.

ಐಲಾ ಮನೆ: ದಮ್ಮು

ನಮ್ಮನ್ನು ಇಳಿಸಿದ್ದು ಒಬ್ಬ ಮುದುಕಿಯ ಮನೆಯಲ್ಲಿ. ನನ್ನ ವಯಸ್ಸೇ ಇರಬೇಕು, ಹಲ್ಲು ಮಾತ್ರ ಪೂರ್ತಿ ಇದೆ. ಹೆಸರು ಐಲಾ. ನಮ್ಮ ಕಡೆ ಐಲು ಅಂದರೆ ಹುಚ್ಚು. ಹೆಸರು ಹೇಳಿದಾಗ ನಾನು ನಕ್ಕೆ. ಸಂತೋಷಕ್ಕೆ ನಗುತ್ತಿದ್ದೇನೆ ಎಂದು ಅವಳೂ ನಕ್ಕಳು.

ಅವಳಿಗೆ ಒಂದು ಕಾಯಿಲೆ ಇರುವ ಹಾಗೆ ಕಂಡಿತು. ಚೈತ್ರ ಏನಾದರೂ ಹೇಳುತ್ತಿದ್ದರೆ ನಡುವೆ "ಹ್ಯೋ" ಎಂದು ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ "ಹ್ಯೋ". ಪಾಪ, ಈ ಚಳಿಯಲ್ಲಿ ದಮ್ಮು ಇರುವವರು ಹೇಗೆ ಬದುಕುತ್ತಾರೆ ಅನ್ನಿಸಿತು. ಮಾರನೆಯ ಬೆಳಿಗ್ಗೆ ನಾನು ತಂದಿದ್ದ ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸಿ ಒಂದು ಲೋಟ ಅವಳ ಮುಂದಿಟ್ಟೆ. ಕುಡಿದಳು. ಕಣ್ಣಲ್ಲಿ ನೀರು ಬಂತು. ಬೆನ್ನು ನೀವಿದೆ. ಆಮೇಲೆ ಮತ್ತೆ "ಹ್ಯೋ" ಎಂದಳು. ಇನ್ನೊಂದು ಲೋಟ ಕೊಟ್ಟೆ.

ಚೈತ್ರ ಓಡಿ ಬಂದು ಅವಳ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದಮ್ಮಲ್ಲ ಅಜ್ಜಿ, ಅದು ಇವ್ರ ಹೌದು. ಹೌದು ಅನ್ನೋ ಮಾತನ್ನ ಇಲ್ಲಿಯವ್ರು ಕೆಲವು ಸಲ ಉಸಿರು ಒಳಗೆ ತಗೊಂಡು ಹೇಳ್ತಾರಂತೆ."

ಹೌದು ಅನ್ನುವುದನ್ನೂ ಹೊರಗೆ ಬಿಡದೆ ಒಳಗೇ ಇಟ್ಟುಕೊಳ್ಳುವ ಜನ! ಆದರೂ ಐಲಾ ಎರಡನೆಯ ಲೋಟವನ್ನು ಬಿಡದೆ ಕುಡಿದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಲೋಟ ಹಿಡಿದುಕೊಂಡು ಬಂದು ಒಲೆಯ ಹತ್ತಿರ ನಿಲ್ಲುತ್ತಿದ್ದಳು.

ಅಲ್ಲಿ ನನಗೆ ಕಷ್ಟವಾಗಿದ್ದು ಊಟವಲ್ಲ. ರೊಟ್ಟಿ ಕರ್ರಗೆ ಇರುತ್ತದೆ, ರಾಗಿ ತಿಂದವಳಿಗೆ ಅದೇನು ದೊಡ್ಡದಲ್ಲ. ಸಂಜೆಯೇ ಆಗುವುದಿಲ್ಲ, ಅದು ಕಷ್ಟ. ದೀಪ ಹಚ್ಚಿ ವಿಭೂತಿ ಇಟ್ಟುಕೊಂಡು ಪೂಜೆಗೆ ಕೂರೋಣ ಎಂದರೆ ಬಿಸಿಲು ನಿಂತೇ ಇದೆ. "ಇನ್ನೂ ಹೊತ್ತು ಮುಳುಗಿಲ್ಲ ಕಣೇ" ಎಂದು ಕಾದು ಕಾದು ಮೊದಲ ದಿನ ಕೂತಲ್ಲೇ ನಿದ್ದೆ ಹೋದೆ.

ಬಿಸಿ ಕೋಣೆ

ಬೆತ್ತಲೆಯ ಸುದ್ದಿ ಇಲ್ಲಿಯದು. ಸೌನಾ ಎಂದು ಮರದ ಹಲಗೆ ಬಡಿದ ಒಂದು ಬಚ್ಚಲಮನೆ. ಒಳಗೆ ಕಲ್ಲು ಕಾಯಿಸಿರುತ್ತಾರೆ, ಅದರ ಮೇಲೆ ನೀರೆರಚುತ್ತಾರೆ, ಹಬೆ ಬುಸ್ಸೆಂದು ಏಳುತ್ತದೆ. ಇಡ್ಲಿ ಪಾತ್ರೆಯೊಳಗೆ ನಾವೇ ಹೋಗಿ ಕೂತ ಹಾಗೆ. ಐಲಾ ಮೈಮೇಲೆ ಒಂದು ನೂಲು ಇಲ್ಲದೆ ಕೂತಿದ್ದಳು. ನಾನು ಹಳೆಯ ನೂಲು ಸೀರೆಯನ್ನು ಎದೆಯ ಮೇಲಿಂದ ಸುತ್ತಿಕೊಂಡು ಕೂತಿದ್ದೆ. ಸುದ್ದಿ ಹಬ್ಬಿಸಿದವರು ಇದನ್ನು ಓದಿಕೊಳ್ಳಲಿ.

ಬೆಳ್ಳಿ ಕರಡಿಗೆ ಕಾದು ಎದೆಗೆ ಚುರುಗುಟ್ಟಿತು. ಐಲಾ ನೋಡಿದವಳೇ ಒಂದು ಬಟ್ಟೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು, ತಾನು ಮುಟ್ಟಲಿಲ್ಲ. ಯಾರು ಹೇಳಿಕೊಟ್ಟಿದ್ದರೋ. ಆಮೇಲೆ ಎಲೆಯಿರುವ ಕಡ್ಡಿಗಳ ಒಂದು ಕಟ್ಟು ತೆಗೆದುಕೊಂಡು ತನ್ನ ಬೆನ್ನಿಗೆ ಪಟಪಟ ಹೊಡೆದುಕೊಂಡಳು. ನಮ್ಮಲ್ಲಿ ಹೀಗೆ ಸೊಪ್ಪಿನಲ್ಲಿ ಹೊಡೆಯುವುದು ಗಾಳಿ ಮೆಟ್ಟಿದವರಿಗೆ. ನನ್ನ ಬೆನ್ನಿಗೂ ಹೊಡೆದಳು. ಮಂಡಿನೋವು ಕಮ್ಮಿಯಾಯಿತು, ಸುಳ್ಳು ಹೇಳಬಾರದು.

ಆ ಬಿಸಿಯಲ್ಲಿ ಐಲಾಗೆ ಬಾಯಿ ಬಂತು. ಹೊರಗೆ ಮೂಗಿಯಂತಿದ್ದವಳು ತನ್ನ ಭಾಷೆಯಲ್ಲಿ ಉದ್ದಕ್ಕೂ ಹೇಳುತ್ತಾ ಹೋದಳು. ಏನು ಹೇಳಿದಳೋ. ಒಂದು ಕಡೆ ನಕ್ಕಳು, ಒಂದು ಕಡೆ ಮೊಣಕಾಲು ನೋಡುತ್ತಾ ಮಾತು ನಿಲ್ಲಿಸಿದಳು. ನಿಲ್ಲಿಸಿದಲ್ಲೆಲ್ಲ ನಾನು ಹೂಂ ಅಂದೆ. ಮುಂದಕ್ಕೆ ಹೋದಳು. ಹೂಂ ಅನ್ನುವುದಕ್ಕೆ ಅರ್ಥ ಗೊತ್ತಿರಬೇಕಾಗಿಲ್ಲ. ಎದ್ದು ಹೋಗದಿದ್ದರೆ ಸಾಕು.

ಅವರ ಕಾಲೇಜು

ಕಾಲೇಜು ನೋಡಿ ನಾನು ಪ್ರಿನ್ಸಿಪಾಲರನ್ನು ನೆನೆಸಿಕೊಂಡೆ. ಅವರು ಬಂದಿದ್ದರೆ ಬಾಗಿಲಲ್ಲೇ ಕೂತುಬಿಡುತ್ತಿದ್ದರು. ಮಕ್ಕಳು ದಿಂಬು ಹಾಕಿಕೊಂಡು ನೆಲದ ಮೇಲೆ ಬಿದ್ದುಕೊಂಡಿದ್ದಾರೆ. ಒಬ್ಬ ಗೋಡೆಯ ಮೇಲೆ ಬರೆಯುತ್ತಿದ್ದಾನೆ, ಯಾರೂ ಬೈಯುವುದಿಲ್ಲ. ಇನ್ನೊಬ್ಬಳು ಕೈಗೆ ಕಾಲುಚೀಲದ ಬೊಂಬೆ ಹಾಕಿಕೊಂಡು ಅದರ ಬಾಯಿ ಆಡಿಸುತ್ತಿದ್ದಾಳೆ.

"ಬಿಡುವಿನ ವೇಳೆಯೇನೇ?" ಎಂದೆ.

"ಪರೀಕ್ಷೆ ನಡೀತಾ ಇದೆ ಅಜ್ಜಿ."

ನಾನು ನಂಬಲಿಲ್ಲ. ಮೇಷ್ಟ್ರು ಯೂಹಾ ಅನ್ನುವವನು, ತೆಂಗಿನಮರದಷ್ಟು ಎತ್ತರ, ಬರೀ ಕಾಲುಚೀಲದಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬೊಂಬೆ ಹೇಳುವುದನ್ನು ತಲೆ ತಗ್ಗಿಸಿ ಕೇಳುತ್ತಿದ್ದ. ಆ ಹುಡುಗಿಗೆ ಜನರ ಮುಂದೆ ಬಾಯಿ ಬರುವುದಿಲ್ಲವಂತೆ, ಬೊಂಬೆಗೆ ಬರುತ್ತದಂತೆ. ನನಗೆ ರೂಪ ನೆನಪಾದಳು. ಆಗ ಮೊದಲ ಸಲ ಚೈತ್ರ ಮಾಡುತ್ತಿರುವುದು ಹುಚ್ಚಾಟವಲ್ಲವೇನೋ ಅನ್ನಿಸಿತು. ಅವಳಿಗೆ ಹೇಳಲಿಲ್ಲ.

ಒಬ್ಬ ಹುಡುಗ ನದಿಯ ಬಗ್ಗೆ ಬರೆಯುವ ಬದಲು ನದಿಯ ಸದ್ದನ್ನೇ ಹಿಡಿದು ತಂದಿದ್ದ. ನನ್ನ ಕಿವಿಗೆ ಹಾಕಿದ. ನೀರು ಜುಳುಜುಳು ಹರಿಯಿತು. ನನಗೆ ಬಚ್ಚಲಿಗೆ ಅವಸರವಾಯಿತು. ಅದನ್ನು ಚೈತ್ರ ಅವನಿಗೆ ಹೇಳಿದಳು. ಪರೀಕ್ಷೆಯಲ್ಲಿ ಅದಕ್ಕಿಂತ ದೊಡ್ಡ ಮಾರ್ಕ್ಸು ಬೇಡ ಎಂದನಂತೆ.

ಮಧ್ಯಾಹ್ನ ನನ್ನನ್ನು ಮೈಕಿನ ಮುಂದೆ ಕೂರಿಸಿ ಎಲ್ಲ ಸರಿಯಿದೆಯೇ ಎಂದು ನೋಡಿದರು. ನಾನು ಕನ್ನಡದಲ್ಲಿ ಹೇಳಿದ್ದನ್ನು ಒಂದು ಯಂತ್ರ ಆಗಲೇ ಇಂಗ್ಲಿಷ್ ಮಾಡಿ ಹಿಂದಿನ ಪರದೆಯ ಮೇಲೆ ಬರೆಯುತ್ತದೆ.

"ಸೊಸೆ ಅಂದ್ರೆ ಸಾಸ್ ಅಂತ ಬರೀತಾ ಇದೆ ಅಜ್ಜಿ. ಸ್ವಲ್ಪ ಬಿಡಿಸಿ ಹೇಳು."

"ನೆಂಚ್ಕೊಂಡ್ ತಿನ್ನೋ ಸಾಸಾ? ಬುಡು, ಅತ್ತೇರು ಮಾಡೋದು ಅದೇ ತಾನೇ."

ಕತೆ ಹೇಳಿದ ದಿನ

ಹಾಲ್ ತುಂಬಿತ್ತು. ಐಲಾ ಹೊಸ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೊದಲು ಪಿಕ್ಚರ್ ತೋರಿಸಿದರು, ಚಪ್ಪಾಳೆ ಬಿತ್ತು. ಆಮೇಲೆ ನಾನು ಅದೇ ಕತೆಯನ್ನು ಎದುರಿಗೆ ಹೇಳಬೇಕು, ಚೈತ್ರ ಮೂಲೆಯ ಕಂಪ್ಯೂಟರಿನಲ್ಲಿ ಚಿತ್ರ ಬದಲಿಸಬೇಕು. ಅವಳ ಮುಖ ಸುಣ್ಣದ ಹಾಗಿತ್ತು. ಸಹಿ ಹಾಕುವವರು ನಾಲ್ಕೈದು ಜನ ಪಕ್ಕದಲ್ಲಿ ಕೂತಿದ್ದರು.

"ಒಂದೂರಲ್ಲಿ ಒಬ್ಬ ಸೊಸೆ ಇದ್ಲು" ಎಂದೆ. ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ.

"ಅವಳ ತವರಲ್ಲಿ ಕೆರೆ ಬತ್ತೋಯ್ತು." ಏನೂ ಇಲ್ಲ. ಯಾರೂ ಅಲುಗಾಡಲಿಲ್ಲ. ಕೆಮ್ಮಲಿಲ್ಲ. ಆ ಮೌನ ಮರ್ಯಾದೆಯದು ಎಂದು ಚೈತ್ರ ಆಮೇಲೆ ಹೇಳಿದಳು. ಅವರಲ್ಲಿ ದೊಡ್ಡವರು ಮಾತಾಡುವಾಗ ಉಸಿರೂ ಕೇಳಿಸಬಾರದಂತೆ. ನನಗೆ ಅದು ಹೇಗೆ ಗೊತ್ತಾಗಬೇಕು? ಬಾವಿಗೆ ಕಲ್ಲು ಹಾಕಿದರೆ ಗುಳುಂ ಅನ್ನಬೇಕು. ಇಲ್ಲಿ ಹಾಕಿದ ಕಲ್ಲು ಬೀಳುತ್ತಲೇ ಇದೆ. ಒಂದೊಂದು ಮಾತೂ ಭಾರವಾಯಿತು. ಸೊಸೆ ಕೆರೆಯನ್ನು ಸೆರಗಿಗೆ ಕಟ್ಟುವಲ್ಲಿಗೆ ಬಂದೆ. ಅಲ್ಲಿ ಎಂಥ ಮಂಕು ಮಗುವೂ ಹೂಂ ಅನ್ನುತ್ತದೆ. ಕಾದೆ. ಇಲ್ಲ.

ಬೇಕೆಂದು ಮಾಡಲಿಲ್ಲ. ಎಷ್ಟೋ ವರ್ಷದ ರೂಢಿ ಅದು. ಹೂಂ ನಿಂತರೆ ಕತೆ ನಿಲ್ಲುತ್ತದೆ. ಬಾಯಿ ತಾನಾಗಿ ಮುಚ್ಚಿತು. "ಎಲ್ಲಾ ಮಲಗವ್ರೆ ಬುಡು, ದಂಡಪಿಂಡಗಳು" ಎಂದು ಗೊಣಗಿಕೊಂಡು ಸೆರಗು ಹೊದ್ದುಕೊಂಡೆ.

ಗೊಣಗಿದ್ದು ಮೈಕಿನಲ್ಲಿ. ಸೊಸೆಯನ್ನು ಸಾಸ್ ಮಾಡಿದ ಯಂತ್ರ ಇದನ್ನು ಮಾತ್ರ ಒಂದಕ್ಷರ ತಪ್ಪದೆ ಇಂಗ್ಲಿಷ್ ಮಾಡಿ ದೊಡ್ಡದಾಗಿ ಪರದೆಯ ಮೇಲೆ ಬರೆ ಎಳೆದ ಹಾಗೆ ಹಾಕಿತು. ಚೈತ್ರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಆ ಜನ ನಗಲೂ ಇಲ್ಲ, ಇನ್ನೂ ಸುಮ್ಮನಾದರು.

ಆಗ ಮುಂದಿನ ಸಾಲಿನಿಂದ ಕೇಳಿಸಿತು. "ಹ್ಯೋ."

ಐಲಾ. ಟೋಪಿ ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡುತ್ತಾ ಇನ್ನೊಮ್ಮೆ ಉಸಿರೆಳೆದಳು. ಬಿಸಿ ಕೋಣೆಯಲ್ಲಿ ನಾನು ಅವಳಿಗೆ ಕೊಟ್ಟದ್ದನ್ನು ತಿರುಗಿಸಿ ಕೊಡುತ್ತಿದ್ದಳು. ನಾನು ಸೆರಗು ತೆಗೆದೆ. "ಗಂಟು ಬಿಗಿಯಾಗಿ ಕಟ್ಟುದ್ಲು" ಎಂದೆ. "ಹ್ಯೋ." "ದಾರಿ ಹಿಡುದ್ಲು." "ಹ್ಯೋ."

"ಚೈತ್ರ, ಇವ್ರಿಗೆಲ್ಲ ಹೇಳೇ. ಹೂಂ ಅಂದ್ರೆ ಕತೆ, ಇಲ್ದಿದ್ರೆ ಇಲ್ಲ."

ಹೇಳಿದಳು. ಮೊದಲು ಯೂಹಾ ಶುರು ಮಾಡಿದ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ನಾನು ಸೊಸೆಯನ್ನು ಕೋರ ದಾಟಿಸುವ ಹೊತ್ತಿಗೆ ಇಡೀ ಹಾಲ್ ದಮ್ಮು ಹಿಡಿದವರ ಆಸ್ಪತ್ರೆಯ ಹಾಗೆ ಉಸಿರೆಳೆಯುತ್ತಿತ್ತು. ಎಷ್ಟೋ ಕಡೆ ತಪ್ಪು ಜಾಗದಲ್ಲಿ ಹೂಂ ಅಂದರು. ಅತ್ತೆ ಬೈಯುವಾಗಲೂ ಅಂದರು. ಇರಲಿ. ನಾನೂ ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿದೆ. ನಮ್ಮವ್ವನ ಸೊಸೆ ಎಂದೂ ಹೋಗದ ದಾರಿಯಲ್ಲಿ ಇವಳು ಹೋದಳು. ಚಳಿಯ ದೇಶದಲ್ಲಿ ಸೆರಗು ಕೊಡವಿದಳು, ಹನಿಯೆಲ್ಲ ಕೆರೆಯಾದವು, ಅಲ್ಲಿಂದ ಒದ್ದೆ ಸೆರಗನ್ನೇ ಹಿಂಡಲು ತವರಿಗೆ ಹೊರಟಳು. ಐಲಾ ಎದ್ದು ನಿಂತುಬಿಟ್ಟಳು.

ಮುಗಿದ ಮೇಲೆ ಯೂಹಾ ಚೈತ್ರಳನ್ನು ಒಂದೇ ಮಾತು ಕೇಳಿದ. ನಿಮ್ಮ ಪಿಕ್ಚರಿನಲ್ಲಿ ಕೇಳುವವರ ದನಿ ಯಾಕಿಲ್ಲ? ಅವಳು ಸುಳ್ಳು ಹೇಳಲಿಲ್ಲ. "ನಾನೇ ತೆಗೆದೆ" ಎಂದಳು.

ಟ್ರಾಮು

ಹೊರಡುವ ದಿನ ಟ್ರಾಮಿನಲ್ಲಿ ಕೂತಿದ್ದಾಗ ಫೋನಿಗೆ ಉತ್ತರ ಬಂತು. ಈ ಸಲ ಸಹಿ ಬೇರೆ ದೇಶದವರಿಗೆ. ಕೇಳುವವರನ್ನೂ ಇಟ್ಟುಕೊಂಡು ಮತ್ತೆ ಮಾಡಿ ಕಳಿಸಿ, ಮುಂದೆ ನೋಡೋಣ ಎಂದಿತ್ತು. ಚೈತ್ರ ಓದಿ ಹೇಳಿ ಕಿಟಕಿಗೆ ತಿರುಗಿದಳು. ಅಳುತ್ತಿದ್ದಳು. ಆ ಊರಿನಲ್ಲಿ ಅಳುವುದಕ್ಕೂ ಅನುಕೂಲ, ಯಾರೂ ಏನಾಯಿತು ಎಂದು ಕೇಳುವುದಿಲ್ಲ.

"ನಾನ್ ಬಾಯ್ ಮುಚ್ಚಿದ್ದಕ್ಕೇ ಕೆಟ್ಟಿದ್ದು" ಎಂದೆ.

"ಇಲ್ಲ ಬಿಡಜ್ಜಿ."

"ಇಲ್ಲ ಅನ್ಬೇಡ. ಸ್ವಲ್ಪ ನಾನು, ಸ್ವಲ್ಪ ನೀನು. ನೀನ್ ಹೂಂ ಕಿತ್ತಾಕ್ದೆ, ನಾನ್ ಕತೆ ಕಿತ್ತಾಕ್ದೆ."

ಅವಳು ಮೂಗು ಒರೆಸಿಕೊಂಡಳು. "ಪೂರ್ತಿ ರೆಕಾರ್ಡಿಂಗು ರೂಪನ ಫೋನಲ್ಲಿ ಇರ್ಬೇಕು, ಅಳಿಸಿಲ್ಲ ಅಂದ್ರೆ" ಎಂದಳು.

ಐಲಾ ನಿಲ್ದಾಣಕ್ಕೆ ಬಂದಿದ್ದಳು. ಕೈ ಬೀಸಲಿಲ್ಲ. ನಾನು "ಬರ್ತೀನಿ ಕಣಮ್ಮ" ಎಂದೆ. ಅವಳು "ಹ್ಯೋ" ಎಂದಳು. ಉಳಿದ ಮೆಣಸು ಶುಂಠಿ ಅವಳ ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದೆ.

ಮತ್ತೆ ಕುಣಿಗಲ್

ರೂಪ ಅಳಿಸಿರಲಿಲ್ಲ. ಮಕ್ಕಳು ಪಿಕ್ಚರನ್ನು ಮತ್ತೆ ಮಾಡತೊಡಗಿದರು. ಫಿನ್ಲೆಂಡಿನ ಕೆರೆಗಳನ್ನೂ ಸೇರಿಸಬೇಕು, ನೀನೇ ಬಂದು ಹೇಳು ಎಂದು ಚೈತ್ರ ಕರೆದಳು. ಗುಬ್ಬಿ ಬಸ್ಸು ಹಿಡಿದು, ತುಮಕೂರಿನಲ್ಲಿ ಬದಲಿಸಿ ಕುಣಿಗಲ್ಲಿಗೆ ಹೋದೆ. ನೋಡಿದರೆ ಕೋಣೆಯ ಬಾಗಿಲಲ್ಲಿ ಉತ್ತರಪತ್ರಿಕೆಯ ಬಂಡಲುಗಳು. ಅಟೆಂಡರ್ ಇನ್ನೊಂದನ್ನು ಹೊತ್ತು ನಿಂತಿದ್ದಾನೆ. ಪ್ರಿನ್ಸಿಪಾಲರ ಕೈಯಲ್ಲಿ ಬೀಗ.

"ಮಾತು ಮಾತೇ ಅಲ್ವೇನಮ್ಮ? ಸಹಿ ಬರ್ಲಿಲ್ಲ" ಎನ್ನುತ್ತಿದ್ದರು.

"ಅಜ್ಜಿ ಹೇಳೋದೊಂದು ರೆಕಾರ್ಡ್ ಮಾಡ್ಕೊಂಡ್ ಬಿಡ್ತೀವಿ ಸಾರ್. ಆಮೇಲೆ ನಾವೇ ಖಾಲಿ ಮಾಡ್ತೀವಿ" ಎಂದಳು ಚೈತ್ರ.

"ಬೇಗ ಮುಗಿಸಿ" ಎಂದು ಅವರು ಹೊಸ್ತಿಲ ಆಚೆಯೇ ನಿಂತರು.

ನಾನು ಶುರು ಮಾಡಿದೆ. ರೂಪ ಹೂಂಗುಟ್ಟಿದಳು. ಮಕ್ಕಳು ಹೂಂಗುಟ್ಟಿದರು. ಸೊಸೆ ಕೆರೆಯ ಏರಿ ಹತ್ತಿದಳು, ಸೆರಗು ಹಾಸಿದಳು, ಕೆರೆಯನ್ನು ಮಡಿಸಿದಳು. ಗಂಟು ಹಾಕುವಲ್ಲಿಗೆ ಬಂದಾಗ ಕಂಪ್ಯೂಟರ್ ಏನೋ ಕೇಳಿತು ಎಂದು ಮಕ್ಕಳೆಲ್ಲ ಆ ಕಡೆ ಬಗ್ಗಿದರು. ಯಾರೂ ಹೂಂ ಅನ್ನಲಿಲ್ಲ. ನನ್ನ ಬಾಯಿ ರೂಢಿಯಂತೆ ನಿಂತಿತು.

"ಹೂಂ, ಆಮೇಲೆ?"

ಬಾಗಿಲ ಕಡೆಯಿಂದ ಬಂತು. ಎಲ್ಲರೂ ತಿರುಗಿ ನೋಡಿದರು. ಪ್ರಿನ್ಸಿಪಾಲರು ಬೀಗ ಹಿಡಿದ ಕೈಯನ್ನು ಬಾಯಿಗೆ ಅಡ್ಡ ಇಟ್ಟು ಕೆಮ್ಮಿದರು.

"ಹೂಂ ಅಂದ್ಬುಟ್ರಿ ಸ್ವಾಮಿ" ಎಂದೆ. "ಇನ್ನ ಒಳಕ್ ಬನ್ನಿ. ಅರ್ಧಕ್ಕೆ ಎದ್ದೋಗಂಗಿಲ್ಲ."

"ಗೊತ್ತು ಬಿಡಿ ಅಜ್ಜಿ, ನಮ್ಮನೇಲೂ ಹಂಗೇ ಇತ್ತು" ಎಂದರು. ಅಟೆಂಡರನ ಕಡೆ ತಿರುಗಿ, "ಅಲ್ಲೇ ಇಳಿಸಪ್ಪ ಅದನ್ನ" ಎಂದರು. ಅಲ್ಲೇ ಎಂದರೆ ಹೊರಗೆ. ಬಂದು ಮಕ್ಕಳ ಬೆಂಚಿನ ತುದಿಯಲ್ಲಿ ಕೂತರು. "ಎಷ್ಟೊತ್ತಾಗುತ್ತೆ ಕತೆ?"

"ಸೊಸೆ ನಡಿಗೆ ಮ್ಯಾಲೆ."

ಚೈತ್ರ ನನ್ನ ಮುಖ ನೋಡಿದಳು. ಅವತ್ತು ಆ ಸೊಸೆ ನೇರ ದಾರಿ ಬಿಟ್ಟಳು. ಗುಬ್ಬಿ ಸುತ್ತಿದಳು, ಕೋರಕ್ಕೆ ಹೋದಳು, ಸಮುದ್ರ ದಾಟಿದಳು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದಳು. ನನಗೇನೂ ಆತುರವಿರಲಿಲ್ಲ.